ನೀತಿ ಆಫೀಸಿನ ಒಲೆ

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವಾಗ ನೀಲಗಿರಿ ತೋಪಿನ ನಡುವೆ ಒಂದು ಸಂಸ್ಥೆ ಇತ್ತು. ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ ಅಧ್ಯಯನ ಸಂಸ್ಥೆ ಎಂದು ಅದರ ಪೂರ್ತಿ ಹೆಸರು. ಅಷ್ಟುದ್ದದ ಹೆಸರಿಗೆ ನಾಲಿಗೆ ಹೊರಳದೆ ಸುತ್ತಲಿನ ಹಳ್ಳಿಯವರು ಅದನ್ನು ನೀತಿ ಆಫೀಸು ಎಂದರು. ನೀತಿಗೆ ಅವರು ಬಲ್ಲ ಅರ್ಥ ಒಂದೇ. ಸುಳ್ಳು ಹೇಳಬಾರದು, ಕುಡಿಯಬಾರದು ಎಂದು ಬುದ್ಧಿ ಹೇಳುವ ಜಾಗ ಇರಬೇಕು ಎಂದುಕೊಂಡರು. ಪಕ್ಕದ ಕೋಗಿಲು ಹಳ್ಳಿಯ ಕುಡುಕನೊಬ್ಬ ಒಂದು ಸಂಜೆ ಅದರ ಗೇಟು ಹಿಡಿದು ನಿಂತು, "ನಂಗೂ ಒಸಿ ನೀತಿ ಕೊಡಿ ಸಾಮಿ, ಮನೇಲಿ ಎಂಡ್ರು ಕೇಳ್ತಾವ್ಳೆ" ಎಂದು ಕೂಗಿದ್ದನ್ನು ಊರಲ್ಲಿ ಬಹಳ ದಿನ ಹೇಳಿಕೊಂಡು ನಕ್ಕರು.

ಒಳಗೆ ಕೂತ ತಜ್ಞರ ಕೆಲಸ ಅದಾಗಿರಲಿಲ್ಲ. ಜನರಿಗೆ ಯಾವ ಯಂತ್ರ ಬೇಕು, ಯಾವ ಇಂಧನ ಒದಗುತ್ತದೆ, ಸರ್ಕಾರ ಯಾವುದರ ಹಿಂದೆ ನಿಲ್ಲಬೇಕು ಎಂದು ಅಳೆದು ತೂಗಿ ವರದಿ ಬರೆದು ದೆಹಲಿಗೂ ವಿಧಾನಸೌಧಕ್ಕೂ ಕಳಿಸುವುದು ಅವರ ಕೆಲಸ. ಎಪ್ಪತ್ತೊಂಬತ್ತರಲ್ಲಿ ಅವರ ಮೇಜಿನ ಮೇಲೆ ಸೌದೆಯ ಪ್ರಶ್ನೆ ಬಂದು ಕೂತಿತು. ಕಾಡು ಕರಗುತ್ತಿತ್ತು. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಹಳ್ಳಿಯ ಹೆಂಗಸರ ಕಣ್ಣು ಹೊಗೆಯಲ್ಲಿ ಹಾಳಾಗುತ್ತಿತ್ತು. ಡಾಕ್ಟರ್ ಮೊಯಿನುದ್ದೀನ್ ಎಂಬ ಇಂಜಿನಿಯರು, ಹೊಗೆ ಕೊಳವೆ ಇರುವ ಎರಡು ಬಾಯಿಯ ಮಣ್ಣಿನ ಒಲೆಯೊಂದನ್ನು ರೂಪಿಸಿದ್ದರು. ಅದು ಮೂರು ಕಲ್ಲಿನ ಒಲೆಗಿಂತ ಎಷ್ಟು ಸೌದೆ ಉಳಿಸುತ್ತದೆ ಎಂಬ ಒಂದು ಅಂಕಿ ಅವರಿಗೆ ಬೇಕಿತ್ತು. ಆ ಅಂಕಿಯನ್ನು ರಾಜ್ಯದ ಒಲೆಗಳ ಸಂಖ್ಯೆಯಿಂದ ಗುಣಿಸಿದರೆ ವರ್ಷಕ್ಕೆ ಉಳಿಯುವ ಮರಗಳೆಷ್ಟು ಎಂದು ಗೊತ್ತಾಗುತ್ತದೆ. ಅದು ಗೊತ್ತಾದರೆ ಸರ್ಕಾರ ಕೈಹಾಕುತ್ತದೆ.

ಅಂಕಿ ಸಿಗಬೇಕಾದರೆ ಯಾರಾದರೂ ಒಲೆಯ ಮುಂದೆ ಕೂತು ಅಡುಗೆ ಮಾಡಬೇಕು. ಅದೇ ಅಡುಗೆ, ಅದೇ ಪಾತ್ರೆ, ದಿನವೂ. ಸಂಸ್ಥೆಯ ಅಟೆಂಡರು ಮುನಿಶಾಮಿ ಕೋಗಿಲಿನವನು. ಅವನು ಒಂದು ಬೆಳಿಗ್ಗೆ ತನ್ನ ಬೀದಿಯ ಕೃಷ್ಣಯ್ಯನ ಜಗಲಿಯ ಮೇಲೆ ಕೂತು ಆ ವಿಷಯ ಎತ್ತಿದ.

"ಅಡ್ಗೆ ಬಟ್ಟರು ಬ್ಯಾಡ್ವಂತೆ ಕೃಷ್ಣಣ್ಣ. ಓದಿರೋರೂ ಬ್ಯಾಡ್ವಂತೆ. ಏನೂ ಇಸೇಸ ಇಲ್ದೆ ಇರೋ ಎಂಗ್ಸು ಬೇಕಂತೆ. ಸಾಮಾನ್ಯ ಗೃಹಿಣಿ ಅಂತಾರೆ ಅದಕ್ಕೆ ಅವ್ರು."

ಒಳಗಿನಿಂದ ಕೃಷ್ಣಯ್ಯನ ಹೆಂಡತಿ ಅಂಜಿನಮ್ಮ ನಕ್ಕಳು. "ಅಂಗಾದ್ರೆ ನಮ್ಮಕ್ಕಯ್ಯನ್ನೇ ಕರ್ಕೊಂಡೋಗು. ಅವಳ್ಗಿಂತ ಸಾಮಾನ್ಯ ಎಲ್ಲಿ ಉಡುಕ್ತೀಯ?"

ಅಕ್ಕಯ್ಯ ಎಂದರೆ ಕೃಷ್ಣಯ್ಯನ ಅಕ್ಕ ಮುನಿಕೃಷ್ಣಮ್ಮ. ಅವಳು ಅಲ್ಲೇ ಕಂಬದ ಹತ್ತಿರ ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ತಿಳಿದರೂ ತಲೆ ಎತ್ತಲಿಲ್ಲ.

ಅವಳನ್ನು ಗೊರಗುಂಟೆಪಾಳ್ಯಕ್ಕೆ ಕೊಟ್ಟಿದ್ದರು. ಗಂಡ ಮುನಿವೆಂಕಟಯ್ಯ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಒಂದೇ ಕೋಣೆಯ ಮನೆ, ಅದರ ಮೂಲೆಯಲ್ಲಿ ಒಲೆ, ಒಲೆಯ ಪಕ್ಕದಲ್ಲಿ ಆಡಿಕೊಂಡಿರುತ್ತಿದ್ದ ಮಗಳು ನಂಜಿ. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ವಾಂತಿಭೇದಿ ಬಂದು ಮೊದಲು ಮಗಳು, ಆ ವಾರದಲ್ಲೇ ಗಂಡ ಹೋದರು. ಮುನಿಕೃಷ್ಣಮ್ಮ ಅಳಲಿಲ್ಲ. ಈಗ ಅಳುತ್ತಾಳೆ, ಆಮೇಲೆ ಅಳುತ್ತಾಳೆ ಎಂದು ಹೆಂಗಸರು ಸುತ್ತ ಕೂತು ಕಾದರು. ಆಮೇಲೆ ಅವರವರ ಮನೆಗೆ ಎದ್ದು ಹೋದರು. ತಮ್ಮ ಹೋಗಿ ಕರೆದುಕೊಂಡು ಬಂದ. ಬಾ ಎಂದ, ಬಂದಳು. ಅಷ್ಟೇ.

ತವರಿನಲ್ಲಿ ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ಅಂಜಿನಮ್ಮ ಕೆಟ್ಟವಳಲ್ಲ. ಹೊತ್ತು ಹೊತ್ತಿಗೆ ತಟ್ಟೆ ಮುಂದಿಡುತ್ತಿದ್ದಳು, ಹಬ್ಬಕ್ಕೆ ಸೀರೆ ತೆಗೆಸುತ್ತಿದ್ದಳು. ಆದರೆ ಒಲೆಯ ಹತ್ತಿರ ಮಾತ್ರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅತ್ತೆಯ ಕೈಕೆಳಗೆ ವರ್ಷಗಟ್ಟಲೆ ನೀರು ಹೊತ್ತು, ಕಸ ಬಳಿದು, ಆ ಮುದುಕಿ ಕಣ್ಣು ಮುಚ್ಚಿದ ಮೇಲೆ ಅವಳ ಕೈಗೆ ಬಂದ ಒಲೆ ಅದು. ಮುನಿಕೃಷ್ಣಮ್ಮ ಸೌಟಿಗೆ ಕೈ ಹಾಕಿದರೆ, "ನೀನ್ಯಾಕಕ್ಕಯ್ಯ, ಕುಂತ್ಕೋ" ಎಂದು ಮೆಲ್ಲಗೆ ಕಿತ್ತುಕೊಳ್ಳುತ್ತಿದ್ದಳು. ನಾಲ್ಕೈದು ಸಲ ಹಾಗಾದ ಮೇಲೆ ಮುನಿಕೃಷ್ಣಮ್ಮ ಕೈ ಹಾಕುವುದನ್ನು ಬಿಟ್ಟಳು. ಐದು ವರ್ಷ ಅವಳು ಒಲೆ ಹಚ್ಚಿರಲಿಲ್ಲ.

ಮುನಿಶಾಮಿ ಅವಳನ್ನು ಕರೆದುಕೊಂಡು ಹೋಗಿ ಮೊಯಿನುದ್ದೀನರ ಮುಂದೆ ನಿಲ್ಲಿಸಿದ.

"ಏನೇನು ಅಡುಗೆ ಬರುತ್ತಮ್ಮಾ?"

"ಮುದ್ದೆ ಬತ್ತದೆ. ಅನ್ನ ಬತ್ತದೆ. ಬೇಳೆ ಬೇಯ್ಸೋಕೆ ಬತ್ತದೆ."

"ಅಷ್ಟೇನಾ?"

"ಅಷ್ಟೇಯ ಸಾಮಿ."

"ಗುಡ್," ಎಂದರು ಮೊಯಿನುದ್ದೀನ್. ಮನಸಾರೆ ಹೇಳಿದರು. ಕೆಲಸಕ್ಕೆ ಬಂದವಳ ಬಾಯಿಂದ ಅಷ್ಟೇ ಎಂಬ ಮಾತು ಕೇಳಿ ಅಷ್ಟು ಸಂತೋಷಪಟ್ಟ ಧಣಿಯನ್ನು ಮುನಿಶಾಮಿ ಎಲ್ಲೂ ಕಂಡಿರಲಿಲ್ಲ.

ಕಟ್ಟಡದ ಹಿಂದೆ ಶೀಟು ಹೊದಿಸಿದ ಶೆಡ್ಡು. ಒಂದು ಪಕ್ಕ ಮೂರು ಕಲ್ಲಿನ ಒಲೆ, ಇನ್ನೊಂದು ಪಕ್ಕ ಮೊಯಿನುದ್ದೀನರ ಒಲೆ. ಒಂದೇ ಗಾತ್ರಕ್ಕೆ ಸೀಳಿ ಒಣಗಿಸಿದ ನೀಲಗಿರಿ ಸೌದೆ. ಬಾಗಿಲ ಹತ್ತಿರ ತಕ್ಕಡಿ. ಐದು ಜನರ ಒಂದು ಹೊತ್ತಿನ ಊಟಕ್ಕೆ ಇಷ್ಟು ಹಿಟ್ಟು, ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ತೂಗಿ ಕೊಡುತ್ತಿದ್ದರು. ಬೆಂಕಿ ಹಚ್ಚುವ ಮೊದಲು ಸೌದೆ ತೂಗುವುದು, ಅಡುಗೆ ಆದ ಮೇಲೆ ಉಳಿದದ್ದನ್ನೂ ಕೆಂಡವನ್ನೂ ತೂಗುವುದು. ಒಂದು ದಿನ ಹಳೇ ಒಲೆ, ಒಂದು ದಿನ ಹೊಸ ಒಲೆ. ತೂಕ ಮಾಡಿ ಬರೆದುಕೊಳ್ಳುತ್ತಿದ್ದವನು ಸಂಗಪ್ಪ. ರೋಣದ ಕಡೆಯ ಹುಡುಗ, ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ಮತ್ತಿಕೆರೆಯಲ್ಲಿ ಹೆಂಡತಿಯೊಡನೆ ಬಾಡಿಗೆ ಕೋಣೆಯಲ್ಲಿದ್ದ. ಮುನಿಕೃಷ್ಣಮ್ಮನನ್ನು ಯವ್ವಾ ಎಂದು ಕರೆಯುತ್ತಿದ್ದ.

ಬೆಂದ ಅಡುಗೆಯನ್ನು ಮುನಿಶಾಮಿ ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಯವರಿಗೆ ಒಯ್ದು ಕೊಡುತ್ತಿದ್ದ. ಮುನಿಕೃಷ್ಣಮ್ಮ ಮಾತ್ರ ಅಂಜಿನಮ್ಮ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ, ಬೆಳಗಿನ ತಣ್ಣನೆ ಮುದ್ದೆ ಮುರಿದು ತಿನ್ನುತ್ತಿದ್ದಳು.

"ಅಲ್ಲ ಕಣಕ್ಕ, ಎದುರ್ಗೆ ಬಿಸಿ ಮುದ್ದೆ ಮಡಿಕ್ಕೊಂಡು ತಂಗ್ಳು ತಿಂತೀಯಲ್ಲ," ಎಂದು ಮುನಿಶಾಮಿ ಒಮ್ಮೆ ಕೇಳಿದ.

"ಇದು ಆಫೀಸ್ದು," ಎಂದಳು.

ಅವಳಿಗೆ ಅದು ಬೇಸರವೂ ಅಲ್ಲ, ಸಂತೋಷವೂ ಅಲ್ಲ. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗವಿತ್ತು. ಅಲ್ಲಿ ಕೂತರೆ ಏಳು ಎನ್ನುವವರಿರಲಿಲ್ಲ, ಸೌಟು ಕಿತ್ತುಕೊಳ್ಳುವವರಿರಲಿಲ್ಲ. ಬೂದಿ ತೆಗೆದು, ಒಲೆ ಸಾರಿಸಿ, ನೀರಿಡುವುದು. ಯಾರಾದರೂ ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ; ಆದರೆ ಇಡೀ ಲೋಕದಲ್ಲಿ ಅವಳದು ಎನ್ನಬಹುದಾದ ಒಲೆ ಆ ಶೆಡ್ಡಿನದು ಮಾತ್ರ. ಭಾನುವಾರ ಅವಳಿಗೆ ಕೈ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಹೀಗೆ ಮೂರು ವರ್ಷ ನಡೆಯಿತು. ಮೊದಲ ವರ್ಷದ ತೂಕಗಳಿಂದಲೇ ವರದಿ ಬರೆದು ದೆಹಲಿಗೆ ಕಳಿಸಿದ್ದರು. ಹೊಸ ಒಲೆ ಮೂರರಲ್ಲಿ ಒಂದು ಪಾಲು ಸೌದೆ ಉಳಿಸುತ್ತದೆ ಎಂದು ಅದರಲ್ಲಿತ್ತು. ಎಂಬತ್ತೆರಡರಲ್ಲಿ ಅಲ್ಲಿಯ ಸಮಿತಿ ಒಂದು ಆಕ್ಷೇಪ ಎತ್ತಿತು. ಎಲ್ಲ ಅಡುಗೆಯನ್ನೂ ಒಬ್ಬಳೇ ಮಾಡಿದ್ದಾಳಲ್ಲ, ಕೈ ಪಳಗಿದ ಮೇಲೇನಾಯಿತು, ಇತ್ತೀಚಿನ ತೂಕಗಳನ್ನೂ ಕಳಿಸಿ ಎಂದು. ಸಂಗಪ್ಪ ಇತ್ತೀಚಿನದನ್ನು ಕೂಡಿ ನೋಡಿದ. ಮತ್ತೆ ಕೂಡಿದ. ಆಮೇಲೆ ಎದ್ದು ಮೊಯಿನುದ್ದೀನರ ಕೋಣೆಗೆ ಹೋದ. ಮುನಿಕೃಷ್ಣಮ್ಮ ಈಗ ಮೂರು ಕಲ್ಲಿನ ಒಲೆಯಲ್ಲೂ ಹೊಸ ಒಲೆಯಷ್ಟೇ ಸೌದೆ ಉರಿಸುತ್ತಿದ್ದಳು. ಅವಳ ಕೈಯಲ್ಲಿ ಹಳೆಯದು ಬೇರೆಯಲ್ಲ, ಹೊಸದು ಬೇರೆಯಲ್ಲ. ಹೊಸ ಒಲೆ ಏನೂ ಉಳಿಸುತ್ತಿರಲಿಲ್ಲ.

ಇಬ್ಬರೂ ಶೆಡ್ಡಿಗೆ ಬಂದರು. ಮೊಯಿನುದ್ದೀನ್ ಕುಕ್ಕರಗಾಲಲ್ಲಿ ಕೂತು ಅವಳಿಗೆ ಬಿಡಿಸಿ ಹೇಳಿದರು. ಅವರು ಯಾರಿಗೂ ದಬಾಯಿಸಿ ಮಾತಾಡುವವರಲ್ಲ.

"ನೋಡೀಮ್ಮಾ, ನಿಮ್ಮ ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ಅದೇ ಪ್ರಾಬ್ಲಮ್ಮು. ನಾವು ಅಳೀಬೇಕಾಗಿರೋದು ಒಲೇನ. ಈಗ ನಿಮ್ಮ ಕೈ ಅಳೆದ ಹಾಗೆ ಆಗ್ತಿದೆ."

ಅವಳು ಸೆರಗು ಸರಿಮಾಡಿಕೊಂಡಳು. "ಅಂಗಾದ್ರೆ ನಾನೇನ್ ಮಾಡ್ಬೇಕು ಸಾಮಿ?"

ಸಂಗಪ್ಪ ಉತ್ತರ ಕೊಟ್ಟ. "ನೀವು ನಿಮ್ಮ ಮನ್ಯಾಗ ಹೆಂಗ ಮಾಡತಿದ್ರೆವ್ವಾ, ಹಂಗ ಮಾಡ್ರಿ. ಇದು ಆಫೀಸ ಅಂತ ಮರತಬಿಡ್ರಿ. ಮೊದಲಿನಂಗ ಆತಂದ್ರ ನೀವಽ ಮುಂದುವರೀಬಹುದು. ಇಲ್ಲಾಂದ್ರ…"

ಇಲ್ಲದಿದ್ದರೆ ಊರೂರಿನಿಂದ ಹೆಂಗಸರನ್ನು ಸರದಿಯ ಮೇಲೆ ಕರೆಸಬೇಕಾಗುತ್ತದೆ, ಅವಳನ್ನು ಬಿಡಬೇಕಾಗುತ್ತದೆ. ಅದನ್ನು ಮೊಯಿನುದ್ದೀನರೇ ಹೇಳಿದರು. ಮುಚ್ಚಿಡಲಿಲ್ಲ.

ಮನೆಯಲ್ಲಿ ಮಾಡುತ್ತಿದ್ದ ಹಾಗೆ. ಮುನಿಕೃಷ್ಣಮ್ಮ ಆ ದಿನ ಬಹಳ ಹೊತ್ತು ಒಲೆ ಹಚ್ಚದೆ ಕೂತಳು. ಗೊರಗುಂಟೆಪಾಳ್ಯದ ಕೋಣೆಯನ್ನು ನೆನೆದಳು. ಬಾಗಿಲು ನೆನಪಾಯಿತು. ಗೂಡಿನಲ್ಲಿ ಇಟ್ಟಿದ್ದ ಬುಡ್ಡಿ ನೆನಪಾಯಿತು. ಒಲೆಯ ಎಡಕ್ಕೆ ಸೌದೆ ಜೋಡಿಸುತ್ತಿದ್ದೆನೋ, ಬಲಕ್ಕೋ? ಹಿಟ್ಟು ಹಾಕಿದ ಮೇಲೆ ಉರಿ ತಗ್ಗಿಸುತ್ತಿದ್ದೆನೋ, ಹಾಗೇ ಬಿಡುತ್ತಿದ್ದೆನೋ? ಕೂಗಿ ಕರೆದರೂ ಬಾರದ ದನದ ಹಾಗೆ ನೆನಪು ದೂರದಲ್ಲೇ ನಿಂತುಬಿಟ್ಟಿತು. ಸುಮ್ಮನೆ ನಾಲ್ಕು ಸೌದೆ ಹೆಚ್ಚಿಗೆ ತುರುಕಿದಳು. ಅವಳು ನೋಡುವಷ್ಟರಲ್ಲಿ ಆ ನಾಲ್ಕೂ ಅವಳ ಕೈಯಿಂದಲೇ ಹಿಂದಕ್ಕೆ ಬಂದಿದ್ದವು. ಸಂಜೆ ತೂಗಿದರೆ ಮತ್ತೆ ಅದೇ ತೂಕ.

ಸಂಗಪ್ಪ ಆ ರಾತ್ರಿಯೆಲ್ಲ ಯೋಚಿಸಿರಬೇಕು. ಮರುದಿನ ಒಂದು ಉಪಾಯ ತಂದ. ಊರಲ್ಲಿ ಅವನ ತಾಯಿ ಒಲೆಯ ಮುಂದೆ ನೆಟ್ಟಗೆ ಕೂತದ್ದನ್ನು ಅವನು ಕಂಡೇ ಇರಲಿಲ್ಲವಂತೆ. ಆಕಳು ಬಿಚ್ಚಿಕೊಂಡಿತು, ಕೂಸು ಅತ್ತಿತು, ಬಾಗಿಲಿಗೆ ಯಾರೋ ಬಂದರು, ಎಂದು ಏಳುವುದು. ಅಷ್ಟರಲ್ಲಿ ಒಲೆ ಧಗಧಗ ಉರಿಯುವುದು. ಶೆಡ್ಡಿನಲ್ಲಿ ಮುನಿಕೃಷ್ಣಮ್ಮನನ್ನು ಯಾರೂ ಕರೆಯುವುದಿಲ್ಲ. ಅದಕ್ಕೇ ಸೌದೆ ಉಳಿಯುತ್ತಿದೆ. ಕರೆದರೆ ಸರಿಹೋಗುತ್ತದೆ. ಮೊಯಿನುದ್ದೀನ್ ತಲೆದೂಗಿದರು. ಪ್ರಯೋಗದ ನಿಯಮಗಳಿಗೆ ಅದನ್ನೂ ಸೇರಿಸಿದರು. ಅಡುಗೆಯ ನಡುವೆ ಅಟೆಂಡರು ಹೊರಗಿನಿಂದ ಕರೆಯತಕ್ಕದ್ದು, ಅಡುಗೆಯವಳು ಎದ್ದು ಹೋಗಿ ಬರತಕ್ಕದ್ದು.

ಮುನಿಶಾಮಿಗೆ ಅಷ್ಟು ಒಳ್ಳೆ ಕೆಲಸ ಜನ್ಮದಲ್ಲಿ ಸಿಕ್ಕಿರಲಿಲ್ಲ. ನೀಲಗಿರಿ ಮರದ ಕೆಳಗೆ ಬೀಡಿ ಹಚ್ಚಿ ಕೂತು ಕೂಗುತ್ತಿದ್ದ.

"ಮುನಿಕೃಷ್ಣಕ್ಕಾ, ನಿಮ್ಮಸು ರಾಗಿ ಒಲಕ್ಕೆ ನುಗ್ತು!"

ಅವಳು ಎದ್ದು ಬಂದು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಹಸುವೂ ಇಲ್ಲ, ಹೊಲವೂ ಇಲ್ಲ. ಮತ್ತೆ ಒಳಗೆ ಹೋಗುತ್ತಿದ್ದಳು.

"ಅಕ್ಕೋ, ಸೊಪ್ಪಿನೋಳು ಬಂದವ್ಳೆ! ಅಕ್ಕೋ, ಪಟೇಲ್ರು ಕರೀತಾವ್ರೆ! ಅಕ್ಕೋ, ನಿನ್ ನಾದ್ನಿ ಒಲೆ ಬಿಟ್ಟು ಎದ್ದವ್ಳೆ, ಓಡ್ಬಾ!"

ಕೂಲಿಯವರೂ ನಗುತ್ತಿದ್ದರು. ಅವಳು ಮಾತ್ರ ಪ್ರತಿ ಸಲವೂ ಎದ್ದು, ಹೊರಗೆ ಬಂದು, ನಿಂತು, ಹೋಗುತ್ತಿದ್ದಳು. ಕರೆದರೆ ಬರಬೇಕು ಎಂದಿದ್ದರು, ಬರುತ್ತಿದ್ದಳು. ಆದರೂ ತೂಕ ಏರಲಿಲ್ಲ. ಅರ್ಥವಾಗದೆ ಸಂಗಪ್ಪ ಒಂದು ದಿನ ತಕ್ಕಡಿಯ ಹಿಂದೆ ನಿಂತು ಅವಳ ಕೈಯನ್ನೇ ನೋಡಿದ.

ಆ ದಿನ ಮುನಿಶಾಮಿಗೆ ಏನು ತಮಾಷೆ ಹೊಳೆಯಿತೋ, ಮೂಗು ಹಿಡಿದು ಎಳೆಮಗುವಿನ ದನಿ ಮಾಡಿ, "ಅಮ್ಮಾ… ಬಿದ್ಬುಟ್ಟೆ ಅಮ್ಮಾ" ಎಂದು ಕರೆದ.

ಮುನಿಕೃಷ್ಣಮ್ಮ ಎದ್ದಳು. ಏಳುವ ಮುಂಚೆ ಅವಳ ಬಲಗೈ ಒಲೆಯೊಳಗಿನ ಎರಡು ಸೌದೆಗಳನ್ನು ಹಿಂದಕ್ಕೆಳೆದು, ತುದಿಯನ್ನು ಬೂದಿಗೆ ಒತ್ತಿ, ಪಕ್ಕಕ್ಕೆ ಇಟ್ಟಿತು. ಆಮೇಲೆ ಅವಳು ಹೊರಗೆ ಹೋದಳು. ಹೋಗಿ ಬಿಸಿಲಲ್ಲಿ ನಿಂತಳು.

ವಾಪಸು ಬಂದಾಗ ಸಂಗಪ್ಪ ಹೇಳಿದ. "ಯವ್ವಾ, ಕರದಾಗ ಕಟಗಿ ಹಿಂದಕ್ಕ ಜಗ್ಗಬ್ಯಾಡ್ರಿ. ಹಂಗಽ ಬಿಟ್ಟ ಹೋಗ್ರಿ."

"ನಾನೆಲ್ಲಿ ಎಳ್ದೆ?"

"ಈಗ ಎಳದ್ರೆಲ್ಲ. ನಾ ನೋಡಿದೆ."

ಅವಳು ಒಲೆಯನ್ನು ನೋಡಿದಳು. ಬೂದಿಯಲ್ಲಿ ಒತ್ತಿದ ಎರಡು ಕೊಳ್ಳಿಗಳು ಹೊಗೆಯಾಡುತ್ತಿದ್ದವು. ತಾನು ಎಳೆದದ್ದು ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಆಗ ಒಂದೇ ಒಂದು ಸಂಗತಿ ಅವಳಿಗೆ ಸ್ಪಷ್ಟವಾಗಿ ನೆನಪಾಯಿತು. ನಂಜಿ ಹೊಸ್ತಿಲಲ್ಲಿ ಬಿದ್ದು ಕಿರುಚಿದಾಗ ಅವಳು ಒಲೆಯ ಕಡೆ ನೋಡದೆ ಓಡಿದ್ದಳು. ಅನ್ನ ಸೀದು ಗಂಡ ಬೈದಿದ್ದ. ಹಾಗೆ ಓಡುತ್ತಿದ್ದ ಹೆಂಗಸು ತಾನೇ ಎಂದು ತಿಳಿದಿತ್ತು. ಆದರೆ ಅದೂ ಯಾರೋ ಹೇಳಿ ತಿಳಿದ ಹಾಗೆ. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಒಂದು ಕ್ಷಣ ಕಾದಳು. ಆಗಲಿಲ್ಲ. ಕೊಳ್ಳಿಗಳನ್ನು ಮತ್ತೆ ಒಳಗೆ ತಳ್ಳಿ ಅನ್ನ ಬಸಿದಳು.

ಮುನಿಶಾಮಿ ಸಂಜೆ ಬಂದು ಪಕ್ಕದಲ್ಲಿ ನಿಂತ. "ಅಕ್ಕ, ಅಂಗ್ ಕೂಗ್ಬಾರ್ದಿತ್ತು ಕಣಕ್ಕ. ಬಾಯ್ತಪ್ಪಿ ಬಂತು."

"ಇರ್ಲಿ ಬುಡು. ಕರೆಯೋದು ನಿನ್ ಕೆಲ್ಸ ಅಲ್ವಾ?"

ಆ ಮಾತು ಕೇಳಿ ಅವನಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಕಸಿವಿಸಿಯಾಯಿತು.

ಎಂಬತ್ತಮೂರರ ಆರಂಭದಲ್ಲಿ ತೀರ್ಮಾನವಾಯಿತು. ತಜ್ಞರು ಹೇಳಿದ್ದು ನ್ಯಾಯವೇ ಆಗಿತ್ತು. ರಾಜ್ಯದ ಲಕ್ಷಾಂತರ ಒಲೆಗಳ ಮುಂದೆ ಮುನಿಕೃಷ್ಣಮ್ಮನಂಥವರು ಕೂತಿರಲಿಲ್ಲ. ಕರೆದರೆ ಓಡುವವರು, ಮಾತಿಗೆ ನಿಲ್ಲುವವರು, ಉರಿ ಮರೆಯುವವರು ಕೂತಿದ್ದರು. ಅವರಿಗಾಗಿ ಒಲೆ ಬೇಕಾದರೆ ಅವರ ಕೈಯಿಂದಲೇ ಅಳೆಯಬೇಕು. ಮೊಯಿನುದ್ದೀನ್ ಅವಳನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿಯ ಮೇಲೆ ಕೂರಿಸಿ, ಟೀ ತರಿಸಿಕೊಟ್ಟು ಹೇಳಿದರು. "ನೀವು ಈಗ ಸಾಮಾನ್ಯ ಗೃಹಿಣಿ ಅಲ್ಲಮ್ಮಾ. ಇದು ಹೆಮ್ಮೆಪಡೋ ಮಾತು. ಆದ್ರೆ ಏನು ಮಾಡೋದು, ನಮಗೆ ಬೇಕಾಗಿರೋದು ಅವರು."

"ಊಂ," ಎಂದಳು.

"ನಮಗಾಗಿ ಇಷ್ಟು ವರ್ಷ ಹೊಗೆ ಕುಡಿದಿದ್ದೀರಿ. ನಿಮ್ಮ ಮನೇಲಿ ಒಂದು ಒಲೆ ಹಾಕಿಸಿಕೊಡ್ತೀವಿ. ಸಂಸ್ಥೆ ವತಿಯಿಂದ. ನಾನೇ ಬಂದು ನಿಂತು ಹಾಕಿಸ್ತೀನಿ. ಆಗಬಹುದಾ?"

ಟೀ ಬಿಸಿ ಇತ್ತು. ಅವಳು ಅದನ್ನೇ ನೋಡುತ್ತ, "ಊಂ" ಎಂದಳು. ಎಲ್ಲಕ್ಕೂ ಊಂ ಎನ್ನುವುದು ಅವಳಿಗೆ ಅಷ್ಟು ರೂಢಿಯಾಗಿತ್ತು. ಅವಳಿಗೊಂದು ಅಡುಗೆಮನೆ ಇದೆಯೇ ಎಂದು ಅವರು ಕೇಳಲಿಲ್ಲ. ಮೂರು ವರ್ಷ ತಮ್ಮೆದುರು ಅಡುಗೆ ಮಾಡಿದವಳಿಗೆ ಮನೆಯಲ್ಲಿ ಒಲೆ ಇರದೆ ಇದ್ದೀತು ಎಂದು ಯಾರಿಗೆ ತಾನೇ ಹೊಳೆಯಬೇಕು? ಸಂಗಪ್ಪ ಇದ್ದಿದ್ದರೆ ಹೊಳೆಯುತ್ತಿತ್ತೋ ಏನೋ. ಅವನು ಹೆಂಡತಿಯ ಹೆರಿಗೆಗೆಂದು ರಜೆ ಹಾಕಿ ಊರಿಗೆ ಹೋಗಿದ್ದ.

ಮುಂದಿನ ವಾರ ಕೃಷ್ಣಯ್ಯನ ಮನೆ ಮುಂದೆ ಜೀಪು ನಿಂತಿತು. ಕಲಸಿದ ಮಣ್ಣಿನ ಬುಟ್ಟಿಗಳು, ಸಿಮೆಂಟಿನ ಕೊಳವೆ, ಒಲೆ ಕಟ್ಟುವವನು, ಮುನಿಶಾಮಿ, ಇಸ್ತ್ರಿ ಮಾಡಿದ ಅಂಗಿಯ ಮೊಯಿನುದ್ದೀನ್. ಬೀದಿಯ ಹೆಂಗಸರು ಮಕ್ಕಳೆಲ್ಲ ಸೇರಿದರು. ಕೃಷ್ಣಯ್ಯ ಸಂಭ್ರಮದಿಂದ ಚಾಪೆ ಹಾಸಿದ. ಅಂಜಿನಮ್ಮ ಮಾತ್ರ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ನಮ್ಮೊಲೆ ಚೆನ್ನಾಗೈತೆ ಸಾಮಿ. ಒಡೆಯಾಕೆ ಬುಡಾಕಿಲ್ಲ."

"ಬೇಡ ಬೇಡ, ಅದನ್ನ ಮುಟ್ಟೋದೇ ಬೇಡ," ಎಂದು ಮೊಯಿನುದ್ದೀನ್ ನಗುತ್ತ ಕೈ ಆಡಿಸಿದರು. "ಜಗಲಿ ಮೂಲೆ ಖಾಲಿ ಇದೆಯಲ್ಲ. ನಿಮ್ಮ ಅಕ್ಕನಿಗೆ ಅಂತಾನೇ ಬೇರೆ ಒಲೆ ಹೂಡಿಬಿಡೋಣ."

ಬೀದಿ ಥಟ್ಟನೆ ಸುಮ್ಮನಾಯಿತು.

ಬೇರೆ ಒಲೆ ಹೂಡುವುದೆಂದರೆ ಆ ಊರಲ್ಲಿ ಮಣ್ಣಿನ ಮಾತಲ್ಲ. ಮನೆ ಒಡೆಯಿತು ಎಂದು ಅರ್ಥ. ಅಣ್ಣತಮ್ಮಂದಿರು ಪಾಲಾದರೆ ಹೊಲ ಅಳೆಯುವುದು ಆಮೇಲೆ, ಮೊದಲು ಒಲೆ ಬೇರೆಯಾಗುತ್ತದೆ. ಒಂದೇ ಸೂರಿನಡಿ ಎರಡು ಹೊಗೆ ಎದ್ದರೆ ಅವು ಎರಡು ಮನೆ. ಒಂದರವರು ಇನ್ನೊಂದರಲ್ಲಿ ಕರೆಯದೆ ಉಣ್ಣುವ ಹಾಗಿಲ್ಲ. ತವರಿಗೆ ಬಂದು ಕೂತ ಅಕ್ಕ ಬೇರೆ ಒಲೆ ಹೂಡುತ್ತಾಳೆ ಎಂದರೆ, ತಮ್ಮನ ಮನೆಯ ಅನ್ನ ಬೇಡವಾಯಿತು, ಪಾಲು ಕೊಡು ಎಂದು ಬೀದಿಯಲ್ಲಿ ನಿಂತು ಕೇಳಿದ ಹಾಗೆ.

ಮುನಿಶಾಮಿ ಹಿಂದಿನಿಂದ ಅಂಗಿ ಜಗ್ಗಿದ. "ಸಾರ್, ಆ ಮಾತು ಬ್ಯಾಡಿ ಸಾರ್."

"ಯಾವ ಮಾತು? ಜಾಗ ಚೆನ್ನಾಗಿದೆಯಲ್ಲಪ್ಪ, ಗಾಳಿ ಬರುತ್ತೆ," ಎಂದರು ಅವರು.

ಕೃಷ್ಣಯ್ಯ ಮೊಯಿನುದ್ದೀನರ ಕಡೆ ನೋಡಲೇ ಇಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಅಕ್ಕನ ಕಡೆ ತಿರುಗಿದ.

"ಅಕ್ಕಯ್ಯ. ನೀನೇಳ್ಸಿದ್ದಾ ಇದು?"

ಅವಳು ಮಣ್ಣಿನ ಬುಟ್ಟಿಗಳ ಕಡೆ ನೋಡಿದಳು.

"ಇಷ್ಟ್ ವರ್ಸ ನಿಂಗೆ ಏನ್ ಕಮ್ಮಿ ಮಾಡಿದ್ವಿ? ಒಂದಿನ ಒಂದ್ ಮಾತಂದಿದ್ದೀವಾ? ಬ್ಯಾರೆ ಒಲೆ ಊಡ್ತೀಯಾ ನೀನು?"

"ಏಳಕ್ಕಯ್ಯ," ಎಂದಳು ಅಂಜಿನಮ್ಮ. "ಬ್ಯಾಡ ಅಂತ ಏಳು. ಅವ್ರ್ ಮಣ್ ಅವ್ರು ತಗೊಂಡೋಗ್ಲಿ."

ಒಂದು ಬೇಡ ಎಂದಿದ್ದರೆ ಮುಗಿಯುತ್ತಿತ್ತು. ಬುಟ್ಟಿಗಳು ಜೀಪು ಹತ್ತುತ್ತಿದ್ದವು. ಬೀದಿಯವರು ನಕ್ಕು ಚದುರುತ್ತಿದ್ದರು. ರಾತ್ರಿ ಅಂಜಿನಮ್ಮ ಎಂದಿನಂತೆ ತಟ್ಟೆ ಮುಂದಿಡುತ್ತಿದ್ದಳು. ಎಲ್ಲರೂ ಆ ಮಾತಿಗೇ ಕಾಯುತ್ತಿದ್ದರು. ಮುನಿಕೃಷ್ಣಮ್ಮನೂ ಕಾದಳು, ತನ್ನ ಬಾಯಿಂದ ಏನು ಬರುತ್ತದೋ ಎಂದು. ತಮ್ಮನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪಾಲು ಎಂಬುದು ತಲೆಗೇ ಬಂದಿರಲಿಲ್ಲ. ಜಗಲಿಯ ಆ ಮೂಲೆಯನ್ನು ನೋಡಿದಳು. ಅಲ್ಲಿ ಒಂದು ಒಲೆ ಇದ್ದರೆ ಅದರ ಮುಂದೆ ಕೂರಬಹುದು ಎಂಬುದಷ್ಟೇ ಕಂಡಿತು. ಬೇರೆ ಏನೂ ಕಾಣಲಿಲ್ಲ.

"ಊಡ್ಲಿ," ಎಂದಳು.

ಕೃಷ್ಣಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಒಳಗೆ ಹೋದ. ಹೋಗುತ್ತ, "ಮೂಲೆ ಕೋಣೆ ನಿಂದೇ ತಕ್ಕೋ. ಇನ್ ನಿಂದು ನಿಂಗೆ, ನಮ್ದು ನಮ್ಗೆ" ಎಂದ. ಏನೋ ಎಡವಟ್ಟಾಯಿತು ಎಂದು ಅನ್ನಿಸಿ ಮೊಯಿನುದ್ದೀನ್ ಮುನಿಶಾಮಿಯ ಮುಖ ನೋಡಿದರು. ಮುನಿಶಾಮಿ ಜೀಪಿನ ಹತ್ತಿರ ಹೋಗಿ ಬೀಡಿ ಹಚ್ಚಿದ. ಒಲೆ ಕಟ್ಟುವವನು ಬೇರೂರಿನವನು. ಇದೊಂದೂ ತಿಳಿಯದೆ ಅವನು ಮಣ್ಣು ತಟ್ಟುತ್ತಲೇ ಇದ್ದ.

ಹಸಿ ಒಲೆ ಒಣಗಲು ದಿನಗಳು ಬೇಕು. ಅಲ್ಲಿಯವರೆಗೆ ಹಚ್ಚುವ ಹಾಗಿಲ್ಲ. ಅಂಜಿನಮ್ಮ ಆ ರಾತ್ರಿ ಅವಳನ್ನು ಊಟಕ್ಕೆ ಕರೆಯಲಿಲ್ಲ. ಬೇರೆಯಾದವರನ್ನು ಹೇಗೆ ಕರೆಯುವುದು ಎಂದು ಅವಳಿಗೂ ತಿಳಿದಿರಲಿಕ್ಕಿಲ್ಲ. ಮುನಿಶಾಮಿಯ ಹೆಂಡತಿ ತನ್ನ ಮನೆಯಿಂದ ಮುದ್ದೆ ತಂದುಕೊಟ್ಟು ಹೋದಳು. ಮುನಿಕೃಷ್ಣಮ್ಮ ಹಗಲೆಲ್ಲ ಒಲೆಯ ಮುಂದೆ ಕೂತು, ಬಿರುಕು ಬಿಟ್ಟಲ್ಲಿ ಒದ್ದೆ ಕೈಯಿಂದ ಸವರುತ್ತಿದ್ದಳು.

ಸಂಗಪ್ಪ ರಜೆ ಮುಗಿಸಿ ಬಂದವನು ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ಕೋಗಿಲಿಗೆ ಬಂದ. ಅವನ ಸೀಮೆಯಲ್ಲೂ ಒಲೆ ಬೇರೆಯಾಗುವುದೆಂದರೆ ಅದೇ ಅರ್ಥ. ಅಂಗಳದಲ್ಲಿ ನಿಂತೇ ಹಣೆ ಒರೆಸಿಕೊಂಡ.

"ಎಂಥಾ ಕೆಲಸ ಆತವ್ವಾ. ಸಾಹೇಬ್ರಿಗೆ ಗೊತ್ತಿಲ್ರಿ, ಖರೇನ ಗೊತ್ತಿಲ್ಲ. ನಾ ಕೃಷ್ಣಯ್ಯಗ ಹೇಳತೀನಿ, ತಪ್ಪು ನಮ್ದು ಅಂತ. ಇನ್ನೂ ಹಸಿ ಐತಿ, ಒಡದು ತಗದಬಿಡೂಣೇನ್ರಿ?"

"ಯಾಕೆ? ಚೆನ್ನಾಗ್ ಕಟ್ಟವ್ನೆ," ಎಂದಳು ಅವಳು. "ನಿಮ್ಗೆ ಯಾವ್ ಮಗ?"

"ಹೆಣ್ಣು."

"ಒಳ್ಳೇದಾಯ್ತು," ಎಂದು ಮತ್ತೆ ಬಿರುಕಿನ ಕಡೆ ಬಗ್ಗಿದಳು. ಸಂಗಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಒಳಗಿನಿಂದ ಯಾರೂ ಕೂತ್ಕೊಳ್ಳಿ ಎನ್ನಲಿಲ್ಲ. ಸೈಕಲ್ ತಿರುಗಿಸಿಕೊಂಡು ಹೋದ.

ಒಲೆ ಒಣಗಿತು. ಅವಳು ಅದನ್ನು ಹಚ್ಚಿದಳು, ಬೇಯಿಸಿಕೊಂಡಳು, ಉಂಡಳು. ಬೀದಿಯವರು ಕೊಳವೆಯಿಂದ ಏಳುವ ಎರಡನೇ ಹೊಗೆಯನ್ನು ಕೆಲವು ದಿನ ನಿಂತು ನೋಡಿ ಆಮೇಲೆ ಬಿಟ್ಟರು. ಯಲಹಂಕದ ಕಡೆ ಇಟ್ಟಿಗೆ ಗೂಡಿನಲ್ಲಿ ಅವಳಿಗೆ ಕೂಲಿ ಸಿಕ್ಕಿತು. ತಮ್ಮ ಎದುರು ಬಂದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಅವನ ಮಕ್ಕಳು ಮಾತ್ರ ಕೊಳವೆಗೆ ಕಿವಿ ಇಟ್ಟು ಗೂಂ ಎನ್ನುವ ಸದ್ದು ಕೇಳಲು ಬರುತ್ತಿದ್ದವು. ಅವಳು ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಲೂ ಇರಲಿಲ್ಲ.

ಆ ವರ್ಷದ ಮಳೆಗಾಲ. ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಮುನಿಕೃಷ್ಣಮ್ಮ ಗೂಡಿಗೆ ಹೋಗುವ ಮುಂಚೆ ನೀರು ಕಾಯಿಸುತ್ತಿದ್ದಳು. ಒಳಬಾಗಿಲಲ್ಲಿ ನೆರಳಾಡಿತು. ಅಂಜಿನಮ್ಮ ನಿಂತಿದ್ದಳು. ಕೈಯಲ್ಲಿ ಒಂದು ತೆಂಗಿನ ಚಿಪ್ಪು, ಅದರಲ್ಲಿ ಸ್ವಲ್ಪ ಬೂದಿ. ತನ್ನ ಮನೆಯದೇ ಜಗಲಿ. ಆದರೂ ಪಕ್ಕದ ಮನೆಗೆ ಬಂದವಳ ಹಾಗೆ ಹೊಸ್ತಿಲ ಆಚೆಯೇ ನಿಂತಿದ್ದಳು.

"ಅಕ್ಕಯ್ಯ."

"ಊಂ."

"ಬೆಂಕಿಪೊಟ್ಣ ನೆಂದೋಗೈತೆ. ಮಕ್ಳು ಇಸ್ಕೂಲ್ಗೋಗ್ಬೇಕು." ಅಂಜಿನಮ್ಮ ಚಿಪ್ಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಕೆಂಡ ಇದ್ರೆ ಒಸಿ ಕೊಡ್ತೀಯಾ?"

ಮುನಿಕೃಷ್ಣಮ್ಮ ಒಲೆಯೊಳಗೆ ಕಡ್ಡಿ ಆಡಿಸಿ ಒಳ್ಳೆಯ ಕೆಂಡ ಯಾವುದು ಎಂದು ನೋಡಿದಳು. ಎರಡನ್ನು ಇಕ್ಕಳದಲ್ಲಿ ಹಿಡಿದು ಚಿಪ್ಪಿಗೆ ಹಾಕಿದಳು. ಸಾಲದು ಎನ್ನಿಸಿ ಇನ್ನೊಂದು ಹಾಕಿದಳು.

"ಗಾಳಿ ಐತೆ. ಸೆರಗು ಮರೆ ಮಾಡ್ಕೊಂಡ್ ತಗೊಂಡೋಗು," ಎಂದಳು.